ಸರ್ವಮಂಗಳಮ್ಮನ ಅಳತೆ ರವಿಕೆ

ಇವತ್ತು ದಾವಣಗೆರೆಯಲ್ಲಿ ಮೂರು ಬುಟಿಕ್ ನಡೆಸುವ ಚಂದ್ರಕಲಾ ಆಗಿನ್ನೂ ಒಂದೇ ಹೊಲಿಗೆ ಮೆಷಿನ್ನಿನ ಒಡತಿ. ಒಂದು ದಿನ ಅಕ್ಕಿ ಗಿರಣಿಯ ಸರ್ವಮಂಗಳಮ್ಮ ಕಾರಿನಿಂದಿಳಿದು ಬಂದು, ಹೊಸ ರೇಷ್ಮೆ ಬಟ್ಟೆಯ ಜೊತೆಗೆ ಅಳತೆಗೆಂದು ತಮ್ಮ ಮದುವೆಯ ರವಿಕೆಯನ್ನೇ ಮೇಜಿನ ಮೇಲಿಟ್ಟರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು.

"ಟೇಪು ಹಿಡಿದು ಹತ್ತಿರ ಬರಬೇಡ. ನನ್ನ ಮೈ ಆಗ ಹೇಗಿತ್ತೋ ಈಗಲೂ ಹಾಗೇ ಇದೆ. ಈ ಅಳತೆಗೇ ಹೊಲಿ. ಹೆಚ್ಚುಕಡಿಮೆ ಆದರೆ ನಿನ್ನ ಅಂಗಡಿಗೆ ಯಾರೂ ಕಾಲಿಡದ ಹಾಗೆ ಮಾಡ್ತೀನಿ."

"ಆಗಲಿ ಅಮ್ಮಾ" ಎಂದಳು ಚಂದ್ರಕಲಾ. ಅವರು ಕಾರು ಹತ್ತುವಷ್ಟರಲ್ಲಿ ಕಣ್ಣಲ್ಲೇ ಅಳತೆ ತೆಗೆದಿದ್ದಳು. ಹೊಸ ರವಿಕೆಯನ್ನು ಆ ಅಳತೆಗೆ ಹೊಲಿದಳು. ಆಮೇಲೆ ಹಳೆಯದನ್ನು ಕೈಗೆತ್ತಿಕೊಂಡಳು. ಅದನ್ನು ಹೊಲಿದ ದರ್ಜಿ ಪುಣ್ಯಾತ್ಮ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದ. ಹೊಲಿಗೆ ಬಿಚ್ಚಿ ಅದನ್ನೂ ಅಷ್ಟೇ ಅಗಲ ಮಾಡಿದಳು.

ಹೇಳಿದ ದಿನ ಬಂದ ಸರ್ವಮಂಗಳಮ್ಮ ಅಂಗಡಿಯಲ್ಲೇ ಹೊಸದನ್ನು ತೊಟ್ಟರು, ಸರಿಯಾಗಿತ್ತು. ಅನುಮಾನ ಬಂದು ಹಳೆಯದನ್ನೂ ತೊಟ್ಟರು. ಅದೂ ಸರಿಯಾಗಿತ್ತು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು.

"ನಾನು ಹೇಳಲಿಲ್ಲವಾ?" ಎಂದರು. ದನಿ ಮೆತ್ತಗಾಗಿತ್ತು.

ಸುದ್ದಿಯನ್ನು ಅವರೇ ಊರೆಲ್ಲ ಹಬ್ಬಿಸಿದರು. ಮುಂದಿನ ಸೋಮವಾರ ಅಂಗಡಿಯ ಬಾಗಿಲಲ್ಲಿ ಹದಿನೇಳು ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಮದುವೆಯ ರವಿಕೆ. ಆ ವರ್ಷ ದಾವಣಗೆರೆಯಲ್ಲಿ ಯಾರೂ ದಪ್ಪಗಾಗಿರಲಿಲ್ಲ.