ಸೋತಪ್ಪನ ಗುಡ್ಡ

ಹುಲಗಿನಾಳದಿಂದ ಹೊರಟ ಬಸ್ಸು ಎರಿಹೊಲಗಳ ನಡುವೆ ಒಂದಿಷ್ಟು ಹೊತ್ತು ಧೂಳು ಕುಡಿದು, ಒಂದು ಬೋಳು ಗುಡ್ಡದ ಮಗ್ಗುಲಿಗೆ ಬಂದು ನಿಲ್ಲುತ್ತೆ. "ಸೋತಪ್ಪ... ಯಾರ್ರೀ ಸೋತಪ್ಪ, ಇಳೀರಿ ಲಗೂ!" ಅಂತ ಕಂಡಕ್ಟರ್ ಕೂಗಿದರೆ ಹೊಸಬರು ಪಕ್ಕದವರ ಮುಖ ನೋಡ್ತಾರೆ, ಯಾರಪ್ಪಾ ಈ ಮನುಷ್ಯ, ಏನು ಸೋತ ಅಂತ. ಮನುಷ್ಯ ಅಲ್ಲ, ಗುಡ್ಡ. ಗುಡ್ಡ ಅಂದರೂ ಅದಕ್ಕೆ ಹೆಚ್ಚು ಮರ್ಯಾದೆ ಕೊಟ್ಟ ಹಾಗೆ. ಭೂಮಿಯ ಬೆನ್ನ ಮೇಲೆ ಎದ್ದ ಒಂದು ಕುರು. ಆದರೂ ಅದರ ಹೆಸರಿಗೆ ಹೆದರೋ ಜನ ಬೇಕಾದಷ್ಟು. ಚುನಾವಣೆಗೆ ನಿಂತವರು ಪ್ರಚಾರದ ಜೀಪನ್ನ ಊರೆಲ್ಲಾ ಸುತ್ತು ಹಾಕಿಸಿ ಬೇರೆ ದಾರಿ ಹಿಡೀತಾರೆ. ಪರೀಕ್ಷೆಗೆ ಹೊರಟ ಹುಡುಗರು ಆ ಕಡೆಯ ಕಿಟಕಿ ಧಡಾರಂತ ಎಳೆದು ಮುಚ್ಚುತ್ತಾರೆ. ಒಬ್ಬ ಮುಖಂಡರಂತೂ ಇದೆಲ್ಲಾ ಮೂಢನಂಬಿಕೆ ಅಂತ ಭಾಷಣ ಮಾಡಿ, ಭಾಷಣ ಮುಗಿದ ಮೇಲೆ ಮೆಲ್ಲಗೆ ಗುಡ್ಡಕ್ಕೆ 'ವಿಜಯಗಿರಿ' ಅಂತ ಬೋರ್ಡು ಹಾಕಿಸಿದರು. ಆಡುಗಳು ಬಂದು ಮೈ ತಿಕ್ಕಿ ತಿಕ್ಕಿ ಅಕ್ಷರ ಅಳಿಸಿದವು. ಆ ಸಲ ಮುಖಂಡರೂ ಸೋತರು. ಊರವರು ಚಹಾ ಕುಡಿದರು.

ಬಸ್ ಸ್ಟಾಪಿನ ಎದುರಿಗೆ ಚಹಾದಂಗಡಿ ಇಟ್ಟಿರೋ ಮುದುಕಿ ಫಕೀರವ್ವನನ್ನ ಕೇಳಿ ನೋಡಬೇಕು, "ಅಲ್ಲಬೇ, ಇಷ್ಟು ದೊಡ್ಡ ಸೀಮ್ಯಾಗ ಗುಡ್ಡಕ್ಕ ಹೆಸರಿಡಾಕ ಗೆದ್ದವ ಒಬ್ಬನೂ ಸಿಗಲಿಲ್ಲೇನು?" ಅಂತ. ಅವಳು ಸೋಸುವ ಬಟ್ಟೆ ಹಿಂಡುತ್ತಾ, "ಗೆದ್ದಾವ ಓಡಿ ಹ್ವಾದನಪಾ. ಇಲ್ಲಿ ಉಳದಾವ ಅವನೊಬ್ಬನ" ಅಂತಾಳೆ. ಆಮೇಲೆ ಕೂತು ಕೇಳಿದವರಿಗೆ ಪೂರ್ತಿ ಹೇಳ್ತಾಳೆ. ಅವಳಿಗೆ ಅವಳ ಅತ್ತೆ ಹೇಳಿದ್ದು, ಅತ್ತೆಗೆ ಯಾರೋ.

ಹಿಂದೆ ಒಮ್ಮೆ, ಈ ಎರಿನೆಲಕ್ಕೆ ನೇಗಿಲ ಮೊನೆ ಇನ್ನೂ ತಾಗದೇ ಇದ್ದ ಕಾಲಕ್ಕೆ, ಇಲ್ಲೆಲ್ಲಾ ಎದೆಮಟ್ಟದ ಹುಲ್ಲಿತ್ತಂತೆ, ಹುಲ್ಲಿನ ತುಂಬ ಚಿಗರಿಗಳಿದ್ದವಂತೆ. ಚಿಗರಿ ಅಂದರೆ ತಿರುಚಿದ ಕೋಡಿನ ಆ ಜಿಂಕೆ. ಗಂಡು ಹರೆಯದಲ್ಲಿ ಕೆಂದಗಿದ್ದು, ಬಲಿತಂತೆ ಬೆನ್ನು ಕಪ್ಪಾಗುತ್ತಾ ಹೋಗುತ್ತೆ. ಈ ಗುಡ್ಡದ ಸುತ್ತ ಮೇಯುತ್ತಿದ್ದ ಹಿಂಡಿಗೆ ಯಜಮಾನ ಮಸಿಯಣ್ಣ. ಹಂಚಿನ ತಳದಷ್ಟು ಕಪ್ಪು, ಹರದಾರಿ ದೂರದಿಂದ ಕಣ್ಣಿಗೆ ಹೊಡೆಯುವಂಥ ಕಪ್ಪು. ಅದೇ ಹಿಂಡಿನಲ್ಲಿ ಬುರ್ರ ಅಂತ ಒಬ್ಬ ಕೆಂದ ಹೋರಿವಯಸ್ಸಿನವ. ಅವನು ನಿಂತಿದ್ದನ್ನ ಹೆತ್ತ ತಾಯಿಯೂ ನೋಡಿರಲಿಲ್ಲ. ಮೇಯುವಾಗ ಓಡುತ್ತಿದ್ದ, ಮಲಗಿದಾಗ ಕಾಲು ಒದೆಯುತ್ತಿದ್ದ, ಎಲ್ಲಿಗೆ ಹೊರಟೆ ಅಂತ ಕೇಳಿದರೆ ಹೇಳುವಷ್ಟರಲ್ಲಿ ಹೋಗಿಬಿಟ್ಟಿರುತ್ತಿದ್ದ. ದಿನಾ ಬೆಳಗಾದರೆ ಮಸಿಯಣ್ಣನ ಎದುರು ನೆಲ ಕೆರೆದು, "ಏ ಮುದುಕಾ, ಬಾ, ಇವತ್ತು ಯಜಮಾನಕಿ ಬಿಟ್ಟು ಕೊಟ್ಟು ಹೋಗು" ಅನ್ನೋದು. ಮಸಿಯಣ್ಣ ಬಾಯಲ್ಲಿನ ಹುಲ್ಲೂ ಉಗುಳದೆ ಒಂದು ಕೋಡಿನಲ್ಲಿ ಅವನನ್ನ ಎತ್ತಿ ಮಗುಚೋದು. ಹೆಣ್ಣುಗಳು ಮುಖ ಆ ಕಡೆ ಮಾಡಿಕೊಂಡು ನಗೋದು.

ಆ ಹಿಂಡಿಗೆ ಒಂದು ಪದ್ಧತಿ ಇತ್ತು. ಯಜಮಾನ ಎಲ್ಲಿ ಕಾಲಿಟ್ಟರೆ ಅಲ್ಲೇ ಎಲ್ಲರ ಕಾಲು, ಎಲ್ಲಿ ಹಾರಿದರೆ ಅಲ್ಲೇ ಎಲ್ಲರೂ ಹಾರಬೇಕು. ಮಸಿಯಣ್ಣನ ಅಜ್ಜ ಯಾವುದೋ ಕಾಲದಲ್ಲಿ ಒಂದು ಕಡೆ ಹಾವು ಕಂಡು ಹಾರಿದ್ದನಂತೆ. ಹಾವು ಸತ್ತು, ಒಣಗಿ, ಮಣ್ಣಾಗಿ, ಆ ಮಣ್ಣಿನ ಮೇಲೆ ಹುಲ್ಲು ಬೆಳೆದರೂ ಹಿಂಡು ಆ ಜಾಗಕ್ಕೆ ಬಂದಾಗ ಒಬ್ಬೊಬ್ಬರಾಗಿ ಗಂಭೀರವಾಗಿ ಹಾರಿ ಮುಂದೆ ಹೋಗುತ್ತಿತ್ತು. ಬುರ್ರನಿಗೆ ಇದು ನಗೆಪಾಟಲು. "ಏನೈತಲ್ಲಿ? ಏನೂ ಇಲ್ಲ!" ಅಂತ ಕೂಗುತ್ತಾ ಬರುತ್ತಿದ್ದ, ಬಂದು ತಾನೂ ಹಾರುತ್ತಿದ್ದ. ಯಾಕಂದರೆ ಇದು ತಲೆಯಲ್ಲಿದ್ದ ಪದ್ಧತಿ ಅಲ್ಲ, ಕಾಲಲ್ಲಿದ್ದ ಪದ್ಧತಿ. ಇನ್ನೊಂದು ನಿಯಮವೂ ಇತ್ತು. ಎರಡು ಗಂಡು ಕೋಡು ಕೂಡಿಸಿದಾಗ ಸೋತವನು ಕತ್ತನ್ನ ನೆಲಕ್ಕೆ ಹಚ್ಚಬೇಕು. ಹಚ್ಚಿದ ಅಂದರೆ ಮುಗೀತು, ಆ ಕ್ಷಣದಿಂದ ಇಡೀ ಹಿಂಡಿನ ಕಾಲು ಗೆದ್ದವನ ಕಾಲಿಗೆ ಕಟ್ಟಿದ ಹಾಗೆ.

ಹೀಗಿರುವಾಗ ಆ ಸೀಮೆಯ ಒಡೆಯನ ಮನೆಯಲ್ಲಿ ಮದುವೆ ಗೊತ್ತಾಯಿತು. ಬೀಗರು ಚಾಪೆ ಮೇಲೆ ಕೂಡೋ ಪೈಕಿ ಅಲ್ಲವಂತೆ, ಒಬ್ಬೊಬ್ಬರಿಗೂ ಚಿಗರಿ ಚರ್ಮ ಹಾಸಬೇಕಂತೆ. ಒಡೆಯ ತನ್ನ ಬೇಟೆಯವರ ನಾಯಕ ಈರಗನನ್ನ ಕರೆಸಿದ. ಈರಗ ಬಲೆ, ತಮಟೆ, ಸೀಮೆಯ ಅರ್ಧ ಗಂಡಸರನ್ನ ಕಟ್ಟಿಕೊಂಡು ಬಂದು, ಬೆಳಗಿನ ಮಂಜು ಕರಗುವಷ್ಟರಲ್ಲಿ ಹಿಂಡನ್ನ ಗುಡ್ಡದ ನೆತ್ತಿಗೆ ಹತ್ತಿಸಿ ಸುತ್ತಲೂ ಬಲೆಯವರನ್ನ ನಿಲ್ಲಿಸಿಬಿಟ್ಟ. ಅವನು ತನ್ನವರಿಗೆ ಹೇಳಿದ್ದು ಒಂದೇ ಮಾತು, "ಕರಿಯಾನ ಮ್ಯಾಲೆ ಕಣ್ಣಿಡ್ರಿ. ಅವ ಎಲ್ಲೋ ಉಳಿದಾವೂ ಅಲ್ಲೇ."

ಗುಡ್ಡದ ಮೇಲೆ ಬುರ್ರ ಒಂದು ಕಡೆ ನಿಲ್ಲಲಾರದೆ ಕುದಿಯುತ್ತಿದ್ದ. ಕೆಳಗೆ ತಮಟೆ ಬಡಿದಂತೆಲ್ಲಾ ಅದು ಅವನ ಗೊರಸಿನೊಳಗೇ ಬಡಿದ ಹಾಗೆ. "ನುಗ್ಗೂಣು ನಡಿ ಯಜಮಾನ! ನಿಂತ್ರ ಸಾಯ್ತೀವಿ!" ಅಂತ ಒಂದೇ ಸಮನೆ ಪೀಡಿಸಿದ. ಮಸಿಯಣ್ಣ ಮೂಡಣಕ್ಕೆ ಸ್ವಲ್ಪ ಇಳಿದು ನೋಡಿದ. ಹಿಂಡು ಅವನ ಬೆನ್ನಿಗೇ ಇಳಿಯಿತು. ಕೆಳಗೆ ತಮಟೆಗಳೂ ಬಲೆಗಳೂ ದಡದಡ ಮೂಡಣಕ್ಕೆ ಓಡಿಬಂದವು. ತಿರುಗಿ ಪಡುವಣಕ್ಕೆ ಇಳಿದ. ಹಿಂಡೂ ತಿರುಗಿತು, ತಮಟೆಯೂ ತಿರುಗಿತು. ಆಗ ಅವನು ನೆತ್ತಿಗೆ ಬಂದು ಸುಮ್ಮನೆ ನಿಂತ. ಮೇಲಿನವರು ನೋಡುತ್ತಿದ್ದದ್ದು ಯಾರನ್ನೋ ಕೆಳಗಿನವರು ನೋಡುತ್ತಿದ್ದದ್ದೂ ಅವನನ್ನೇ. ತಾನು ಎತ್ತ ಹೋದರೆ ಅತ್ತ ಹಿಂಡಿನ ಜೊತೆಗೆ ಸಾವನ್ನೂ ಕರೆದುಕೊಂಡು ಹೋಗುತ್ತಿದ್ದೇನೆ ಅಂತ ಅವನಿಗೆ ಹೊಳೆದುಬಿಟ್ಟಿತು.

"ನಾ ಒಬ್ಬನ ಮೂಡಣಕ್ಕ ಹೋಗ್ತೀನಿ. ಅವರೆಲ್ಲಾ ನನ್ನ ಬೆನ್ನು ಹತ್ತತಾರ, ಪಡುವಣ ಖಾಲಿ ಆಗತೈತಿ. ನೀವು ಆ ಕಡೆ ಹಾರ್ರಿ. ಯಾರೂ ನನ್ನ ಹಿಂದ ಬರಬ್ಯಾಡ್ರಿ, ತಿಳೀತೇನು?" ಅಂದ.

"ತಿಳೀತು ತಿಳೀತು" ಅಂದರು ಎಲ್ಲರೂ. ಮಸಿಯಣ್ಣ ಒಂದು ಹೆಜ್ಜೆ ಇಟ್ಟ. ಎಲ್ಲರೂ ಒಂದು ಹೆಜ್ಜೆ ಇಟ್ಟರು. "ಬರಬ್ಯಾಡ್ರಿ ಅಂದೆ!" "ಇಲ್ಲ ಇಲ್ಲ, ಬರೂದಿಲ್ಲ" ಅನ್ನುತ್ತಲೇ ಮತ್ತೊಂದು ಹೆಜ್ಜೆ. ಕಾಲು ಮುರಿದ ಯಜಮಾನನ ಹಿಂದೆ ಯಾರು ಬರ್ತಾರೆ ಅಂತ ಅವನು ಮುಂಗಾಲು ಮಡಚಿ ಕುಂಟುತ್ತಾ ಹೋದ. ತಿರುಗಿ ನೋಡಿದರೆ ಇಡೀ ಹಿಂಡು, ಮುದುಕಿ ಸಂಕವ್ವನಿಂದ ಹಿಡಿದು ಮೊನ್ನೆ ಹುಟ್ಟಿದ ಮರಿಯವರೆಗೆ, ಸಾಲಾಗಿ ಕುಂಟುತ್ತಾ ಬರುತ್ತಿದೆ. ಬುರ್ರನಿಗೆ ನಗು ಬಂತು, ಆಮೇಲೆ ಕೆಳಗೆ ನೋಡಿಕೊಂಡ. ತನ್ನ ಮುಂಗಾಲೂ ಮಡಚಿತ್ತು. ಅದನ್ನ ಸಿಟ್ಟಿನಿಂದ ನೆಲಕ್ಕೆ ಕುಟ್ಟಿದ; ಅದು ಮತ್ತೆ ಮಡಚಿಕೊಂಡಿತು. ಜೀವ ಹೋಗುವ ಹೊತ್ತಿನಲ್ಲಿ ತನ್ನ ಕಾಲೇ ತನ್ನದಲ್ಲ ಅಂತ ಗೊತ್ತಾಗೋದು ಒಳ್ಳೆ ಫಜೀತಿ.

ತಮಟೆ ಹತ್ತಿರವಾಗುತ್ತಿತ್ತು. ಆಗ ಮಸಿಯಣ್ಣ ಸೀದಾ ಬುರ್ರನ ಎದುರು ಬಂದು ನಿಂತು, "ಏನಲೇ ಕೆಂದ್ಯಾ, ದಿನಾ ಯಜಮಾನಕಿ ಬೇಕು ಅಂತ ಬೊಗಳ್ತಿದ್ದಿ. ಇವತ್ತ್ಯಾಕ ಬಾಲ ಸಂದ್ಯಾಗ ಐತಿ?" ಅಂದ.

"ಈಗೇನ? ಹುಚ್ಚು ಹಿಡದೈತೇನು ನಿನಗ? ಕೆಳಗ ನೋಡು!"

"ನಾ ಕೆಳಗ ಯಾಕ ನೋಡ್ಲಿ, ನಿನ್ನ ಕೋಡು ನೋಡಾಕತ್ತೀನಿ. ಕೋಡೋ, ಸೀಗಿಕಾಯೋ? ನಿಮ್ಮವ್ವ ಇದನ್ನ ನೋಡಿ ಮಗ ಹುಟ್ಟ್ಯಾನ ಅಂತ ಹಿಗ್ಗಿದ್ಲಂತ, ಪಾಪ."

ಬುರ್ರನಿಗೆ ಕಣ್ಣು ಕತ್ತಲಾಯಿತು. ತಮಟೆ, ಬಲೆ, ಸಾವು ಎಲ್ಲಾ ಒಂದು ಕಡೆ ಸರಿದು ಆ ಕರೀ ಮುಖ ಒಂದೇ ಉಳಿಯಿತು. ತಲೆ ಬಗ್ಗಿಸಿ ಗುಂಡು ಬಂದ ಹಾಗೆ ಬಂದು ಗುದ್ದಿದ. ಕೋಡಿಗೆ ಕೋಡು ಸಿಕ್ಕಿಕೊಂಡು ಕಟಕಟ ಅಂದವು. ಹಿಂದೆಲ್ಲಾ ಇಷ್ಟರೊಳಗೆ ಅವನು ಮಗುಚಿ ಬಿದ್ದು ಆಕಾಶ ನೋಡುತ್ತಿರುತ್ತಿದ್ದ. ಇವತ್ತು ಮುದುಕ ಹಿಂದಕ್ಕೆ ಸರಿದ. ಇನ್ನೊಂದು ಗುದ್ದಿಗೆ ಇನ್ನಷ್ಟು ಸರಿದ, ಮೊಣಕಾಲೂರಿದ, ಬುರ್ರ ನೋಡನೋಡುತ್ತಲೇ ಆ ಕರೀ ಕತ್ತು ಉದ್ದಕ್ಕೆ ನೆಲಕ್ಕೆ ಹತ್ತಿತು.

ಹಿಂಡಿನಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಬುರ್ರನ ಬೆನ್ನಿಗೆ ನಿಂತರು. ಸಂಕವ್ವ ಹಾದು ಹೋಗುವಾಗ ಮಸಿಯಣ್ಣನ ಕಡೆ ನೋಡದೇ, "ಥೂ, ಇಂಥಾ ಹೊತ್ತಿನ್ಯಾಗ ಸೋತೆಲ್ಲೋ, ಸೋತಪ್ಪಾ" ಅಂದಳು. ಆ ಮಾತು ಮಸಿಯಣ್ಣನ ಕಿವಿಗೆ ಬಿತ್ತು. ಅವನು ಕತ್ತು ಎತ್ತಲಿಲ್ಲ.

ಬುರ್ರ ಗೆದ್ದ ಸೊಕ್ಕಿನಲ್ಲಿ ಕೋಡು ಕೊಡವಿ ಇನ್ನೊಂದು ಬೈಗುಳ ಹಾಕಬೇಕು ಅಂತ ಬಗ್ಗಿದ. ಬಗ್ಗಿದಾಗ ಕೇಳಿದ್ದು ಬೇರೆಯೇ ದನಿ, ಮರಿಗೆ ಹೇಳಿಕೊಡುವಂಥ ದನಿ. "ಛಲೋ ಗುದ್ದಿದಿ. ಈಗ ಕೇಳು. ನಾ ಮೂಡಣಕ್ಕ ಇಳೀತೀನಿ. ನೀ ನಿಂತಲ್ಲೇ ನಿಂದರಬೇಕು. ನೀ ಒಂದ ಹೆಜ್ಜಿ ತಪ್ಪಿದರ ಎಲ್ಲಾರೂ ತಪ್ಪತಾರ. ಪಡುವಣದ ತಮಟಿ ಎಲ್ಲಾ ಈ ಕಡೆ ಬಂದ ಮ್ಯಾಲೆ ಹಾರು. ತಿರುಗಿ ನೋಡಬ್ಯಾಡ. ನೀ ನೋಡಿದರ ಎಲ್ಲಾರೂ ನೋಡತಾರ, ನೋಡಿದಾವ ಓಡೂದಿಲ್ಲ."

ಬುರ್ರ ಬೈಗುಳ ಮರೆತ. "ಯಜಮಾನ, ಮತ್ತ ನೀ..."

"ಯಜಮಾನ ನೀನಲೇ ಈಗ. ಬಾಯಿ ಮುಚ್ಚು, ಸೋತಾವರ ಕೂಡ ಮಾತಾಡಬಾರದು" ಅಂದವನೇ ಮಸಿಯಣ್ಣ ಎದ್ದು, ಗುಡ್ಡದ ಮೂಡಣದ ಇಳಿಜಾರಿಗೆ ಮೈ ಚಾಚಿ ಹಾರಿದ. ಬಿಸಿಲಿಗೆ ಆ ಕಪ್ಪು ಬೆನ್ನು ಥಳಥಳ ಹೊಳೆಯಿತು, ಬೇಕಂತಲೇ ಹೊಳೆದ ಹಾಗೆ.

ಹುಟ್ಟಿದಾಗಿನಿಂದ ಬುರ್ರನಿಗೆ ಯಾರೂ ಇಷ್ಟು ಕಷ್ಟದ ಕೆಲಸ ಕೊಟ್ಟಿರಲಿಲ್ಲ. ನಿಲ್ಲಬೇಕು. ಮೈಯ ಒಂದೊಂದು ನರವೂ ಓಡು, ಓಡು, ಅವನ ಹಿಂದೆ ಓಡು ಅಂತ ಎಳೆಯಿತು. ತೊಡೆ ನಡುಗಿತು, ಬೆನ್ನಿನ ಚರ್ಮ ನೊಣ ಕೂತ ಹಾಗೆ ಅದುರಿತು, ಗೊರಸು ತಾನಾಗಿ ನೆಲ ಬಿಟ್ಟು ಎದ್ದಿತು. ಹಿಂದೆ ನೂರಾರು ಗೊರಸು ಎದ್ದ ಸದ್ದು ಕೇಳಿಸಿತು. ಅವನು ಹಲ್ಲು ಕಚ್ಚಿ ಗೊರಸನ್ನ ಇದ್ದಲ್ಲೇ ಇಳಿಸಿದ. ನೂರಾರು ಗೊರಸು ಇಳಿದವು. ಕೆಳಗೆ ಈರಗನ ಕೂಗು, "ಕರಿಯಾ ಬಂದ! ಕರಿಯಾ ಬಂದ! ಬರ್ರಲೇ ಎಲ್ಲಾರೂ!" ಪಡುವಣದ ತಮಟೆಗಳು ಒಂದೊಂದೇ ಕಡಿಮೆಯಾದವು. ಒಂದು ಉಳಿದುಕೊಂಡು ಸಾವಕಾಶ ಬಡಿಯುತ್ತಿತ್ತು, ಯಾರೋ ಆಲಸಿ ಇರಬೇಕು. ಅದು ನಿಲ್ಲುವವರೆಗೆ ಬುರ್ರ ನಿಂತ. ನಿಂತಿತು. ಹಾರಿದ.

ಪಡುವಣದ ಇಳಿಜಾರಿನ ಕಳ್ಳಿಸಾಲನ್ನ ಅವನು ದಾಟಿದ ಜಾಗದಲ್ಲೇ ಒಬ್ಬರ ಹಿಂದೆ ಒಬ್ಬರು ದಾಟಿದರು, ಸಂಕವ್ವ ದಾಟಿದಳು, ಮೊನ್ನೆ ಹುಟ್ಟಿದ ಮರಿಯೂ ದಾಟಿತು. ಬೆನ್ನ ಹಿಂದೆ, ಗುಡ್ಡದ ಆಚೆಗೆ, ಒಂದು ದೊಡ್ಡ ಕೇಕೆ ಎದ್ದಿತು. ಬುರ್ರನ ಕತ್ತಿನ ಸ್ನಾಯು ತಿರುಗಲು ಹವಣಿಸಿತು. ಅವನು ಅದನ್ನ ಬಿಗಿಹಿಡಿದು, ಎದುರಿಗಿದ್ದ ಹುಲ್ಲನ್ನೇ ದಿಟ್ಟಿಸಿ ಓಡಿದ. ಅವತ್ತಿನಿಂದ ಅವನು ನಿಂತಿದ್ದನ್ನ ಎಲ್ಲರೂ ನೋಡಿದರು, ಅವನು ಹಿಂದೆ ತಿರುಗಿದ್ದನ್ನ ಯಾರೂ ನೋಡಲಿಲ್ಲ ಅಂತಾರೆ.

ಮೂಡಣದಲ್ಲಿ ಈರಗ ಬಲೆ ಎಳೆದಾಗ ಸಿಕ್ಕಿದ್ದು ಒಂದೇ ಒಂದು. ಇನ್ನುಳಿದವು ಈಗ ಬರ್ತಾವೆ, ಆಗ ಬರ್ತಾವೆ ಅಂತ ಬಲೆ ಹಿಡಿದು ಕಾದರು, ಕೊನೆಗೆ ಈರಗ ಗುಡ್ಡ ಹತ್ತಿ ನೋಡಿದ. ಖಾಲಿ. ಅಲ್ಲಿನ ಬಂಡೆಯ ಗವಿಯಲ್ಲಿ ಮಳೆಗಾಲ ಕಳೆಯಲು ಬಂದು ಹಾಗೇ ಉಳಿದಿದ್ದ ಒಬ್ಬ ಬಿಕ್ಕು, ಅಂದರೆ ಅಲೆಮಾರಿ ಸನ್ಯಾಸಿ, ಮಾತ್ರ ಕೂತಿದ್ದ. ಎಲ್ಲವನ್ನೂ ನೋಡಿದ್ದ ಅವನು ಈರಗನಿಗೆ ಪೂರ್ತಿ ಹೇಳಿದ. ಬಿಕ್ಕುವಿಗೆ ಚಿಗರಿ ಭಾಷೆ ಯಾರು ಕಲಿಸಿದರು ಅಂತ ಕೇಳಬಾರದು. ಕೇಳಿದರೆ ಫಕೀರವ್ವ ಕೊಟ್ಟ ಚಹಾ ವಾಪಸ್ ತಗೋತಾಳೆ. ಈರಗ ಕೈಯಲ್ಲಿದ್ದ ಬಲೆ ಕೆಳಗಿಟ್ಟು, "ಅಂದ್ರ ನಾವೂ ಅವನ ಹಿಂಡ ಆಗಿದ್ವಿ ಅಂದಂಗಾತು. ಕರದಲ್ಲಿಗೆ ಹ್ವಾದ್ವಿ" ಅಂದನಂತೆ. ಮದುವೆಗೆ ಬೀಗರು ಚಾಪೆಯ ಮೇಲೇ ಕೂತರು, ಬೇಕಾದಷ್ಟು ಗೊಣಗಿದರು, ಊಟ ಮಾತ್ರ ಬಿಡಲಿಲ್ಲ. ಈರಗ ಆಮೇಲೆ ಬಲೆ ಮುಟ್ಟಲಿಲ್ಲ, ಉಳಿ ಮುಟ್ಟಿದ. ಆ ಕರಿಯ ಮುಂದೊಂದು ಜನ್ಮದಲ್ಲಿ ಬುದ್ಧನಾಗುವವನು ಅಂತ ಬಿಕ್ಕು ಹೇಳಿದಾಗ, ಹಾಗಾದರೆ ದೊಡ್ಡ ಹೆಸರು ಕೊರೆಯುತ್ತೇನೆ ಅಂತ ಈರಗ ಹಟ ಹಿಡಿದ. ಬಿಕ್ಕು, "ಬ್ಯಾಡ. ಅವನ ಮಂದಿ ಅವನಿಗೆ ಕಟ್ಟಕಡೀಗೆ ಕರದ ಹೆಸರು ಒಂದೈತಿ. ಅವ ಆ ಹೆಸರು ಹೊತಗೊಂಡಿದ್ದಕ್ಕ ಅವರು ಬದುಕಿದರು. ಅದನ್ನ ಕಸಗೋಬ್ಯಾಡ" ಅಂದ.

ಈಗಲೂ ಗುಡ್ಡ ಹತ್ತಿದವರಿಗೆ ಪಡುವಣದ ಬಂಡೆಯ ಮೇಲೆ ಈರಗ ಕೆತ್ತಿದ್ದು ಕಾಣುತ್ತೆ. ಬೇಟೆಯವನ ಕೈ, ಶಿಲ್ಪಿಯ ಕೈಯಲ್ಲ. ಕಾಲುಗಳು ಸೊಟ್ಟ, ಹೊಟ್ಟೆಗಳು ಡೊಳ್ಳು. ಒಂದು ತುದಿಗೆ ಕತ್ತು ನೆಲಕ್ಕೆ ಚಾಚಿದ ಒಂದು ಚಿಗರಿ, ಒಂಟಿ. ಉಳಿದದ್ದೆಲ್ಲಾ ಅದಕ್ಕೆ ಬೆನ್ನು ಮಾಡಿ ಓಡುವ ಸಾಲು. ಒಂದರ ಮುಖವೂ ತಿರುಗಿಲ್ಲ. ಆದರೆ ಸಾಲಿನ ಮುಂದಿದ್ದದ್ದರ ಕಿವಿ ಎರಡೂ ಹಿಂದಕ್ಕೆ ಮಡಚಿವೆ, ಕತ್ತಿಗೆ ಬೇಡ ಅಂದಿದ್ದನ್ನ ಕಿವಿಗೆ ಹೇಳಲು ಮರೆತ ಹಾಗೆ. ಅದರ ಹಿಂದಿನದರ ಕಿವಿಯೂ ಹಿಂದಕ್ಕೆ. ಅದರ ಹಿಂದಿನದರದೂ. ಕೊನೆಯ ಮರಿಯವರೆಗೆ ಇಡೀ ಸಾಲಿನ ಕಿವಿಗಳು, ಯಾಕಂತ ಗೊತ್ತಿಲ್ಲದೆಯೇ, ಆ ಒಂಟಿಯ ಕಡೆಗೆ ತಿರುಗಿವೆ.