ಮೂರು ರುಮಾಲಿನ ನ್ಯಾಯಾಧಿಕಾರಿ

ಒಂದಾನೊಂದು ರಾಜ್ಯದಲ್ಲಿ ಗಾಣದ ಸಾತಮ್ಮ ಅಂತ ಒಬ್ಬಳಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಗಾಣ, ಅದನ್ನು ತಿರುಗಿಸೋಕೆ ಬೋಳ ಅನ್ನೋ ಎತ್ತು. ಬೋಳ ಸುತ್ತಿದರೆ ಎಣ್ಣೆ, ಎಣ್ಣೆ ಬಂದರೆ ಅವಳಿಗೆ ಗಂಜಿ.

ಒಂದು ಬೆಳಿಗ್ಗೆ ನೋಡ್ತಾಳೆ, ಗೂಟದಲ್ಲಿ ಎತ್ತೇ ಇಲ್ಲ! ಹುಡುಕಿಕೊಂಡು ಹೋದರೆ ಮುದ್ದಯ್ಯನ ಕೊಟ್ಟಿಗೆಯಲ್ಲಿ ಮೇವು ತಿಂತಾ ನಿಂತಿದೆ. ಈ ಮುದ್ದಯ್ಯ ನ್ಯಾಯಾಧಿಕಾರಿ ಸಿಂಗರಸಯ್ಯನ ಭಾವಮೈದ. "ಇದು ನಾನು ಸಾಕಿದ ಎತ್ತು, ನಡಿ ನಡಿ" ಅಂದುಬಿಟ್ಟ.

ಆ ರಾಜ್ಯದ ಕಟ್ಟಳೆ ಕೇಳಿ ಮಕ್ಕಳೇ. ಹಳೇ ರಾಜ ಮೂರು ನ್ಯಾಯಪೀಠ ಮಾಡಿದ್ದ. ಮೊದಲು ಊರ ಕಟ್ಟೆ. ಅಲ್ಲಿ ತಪ್ಪಾದರೆ ಸೀಮೆಯ ಚಾವಡಿ. ಅಲ್ಲೂ ತಪ್ಪಾದರೆ ಅರಮನೆಯ ಸಭೆ. ಕೆಳಗಿನವರ ತಪ್ಪನ್ನು ಮೇಲಿನವರು ತಿದ್ದಲಿ ಅಂತ ಒಂದೊಂದಕ್ಕೆ ಒಬ್ಬೊಬ್ಬರು. ಅವನು ಸತ್ತ, ಎಳೇ ರಾಜ ಬಂದ. ಸಿಂಗರಸಯ್ಯ ಹೋಗಿ ಬೆಣ್ಣೆ ಹಚ್ಚಿದ: "ನಾನಿರುವಾಗ ಮೂವರು ಯಾಕೆ ಪ್ರಭು? ಕಟ್ಟೆಗೆ ಬಿಳಿ ರುಮಾಲು, ಚಾವಡಿಗೆ ಕೆಂಪು ರುಮಾಲು, ಅರಮನೆಗೆ ಜರಿ ರುಮಾಲು ಸುತ್ತಿಕೊಳ್ತೀನಿ. ರುಮಾಲು ಬದಲಾದರೆ ಆಳೇ ಬದಲಾದ ಹಾಗೆ!" ರಾಜ ತಲೆಯಾಡಿಸಿಬಿಟ್ಟ. ಅಯ್ಯೋ, ಎಂಥಾ ರಾಜನಪ್ಪ!

ಸಾತಮ್ಮ ಕಟ್ಟೆಗೆ ಹೋದಳು. "ಬುದ್ಧಿ, ಎತ್ತಿನ ಹಗ್ಗ ಬಿಚ್ಚಿ ಬಯಲಿಗೆ ಬಿಡಿ. ಯಾರದು ಅಂತ ಅದೇ ಹೇಳ್ತದೆ."

"ಎತ್ತು ಸಾಕ್ಷಿ ಹೇಳ್ತದಾ? ಅದು ಮುದ್ದಯ್ಯಂದು. ಹೋಗು!" ಅಂತು ಬಿಳಿ ರುಮಾಲು.

ಮಾರನೇ ದಿನ ಚಾವಡಿಗೆ ಹೋದಳು. "ನಿನ್ನೆ ಕಟ್ಟೆಯಲ್ಲಿದ್ದವರು ನೀವೇ ಅಲ್ವಾ ಬುದ್ಧಿ?"

"ಅವನು ಬಿಳಿ, ನಾನು ಕೆಂಪು. ಆದರೂ ಅವನ ತೀರ್ಪು ಬಹಳ ಚೆನ್ನಾಗಿದೆ. ಹೋಗು!"

ಮನೆಗೆ ಬಂದು, ನಿಂತುಹೋದ ಗಾಣ ನೋಡಿ ಸಾತಮ್ಮ ಗೊಳೋ ಅಂತ ಅತ್ತಳು. ಅತ್ತು ಅತ್ತು ಸಾಕಾಗಿ ಸಿಟ್ಟು ಬಂತು. "ಆಳು ಬೇರೇನಾ? ಆಗಲಿ, ನೋಡೇಬಿಡ್ತೀನಿ" ಅಂತ ಸೆರಗು ಬಿಗಿದು ಅರಮನೆಗೆ ನಡೆದಳು.

ಅಲ್ಲಿ ರಾಜ ಕೂತಿದ್ದ. ಪಕ್ಕದಲ್ಲಿ ಜರಿ ರುಮಾಲಿನ ಸಿಂಗರಸಯ್ಯ. ಸಾತಮ್ಮ ಎತ್ತಿನ ದೂರು ಹೇಳಿ ಕೇಳಿದಳು:

"ಪ್ರಭು, ಇವರು ಕೆಳಗಿನ ಇಬ್ಬರಿಗಿಂತ ಬೇರೆಯವರು ತಾನೇ?"

"ಬೇರೆಯೇ!" ರಾಜನಿಗಿಂತ ಮೊದಲು ಸಿಂಗರಸಯ್ಯ ಬಾಯಿ ಹಾಕಿದ. "ಅವರು ಯಾರೋ ಏನೋ!"

"ಹಾಗಾದರೆ ಧೈರ್ಯವಾಗಿ ಹೇಳ್ತೀನಿ. ಆ ಬಿಳಿ ರುಮಾಲಿನವನು ಶುದ್ಧ ದಡ್ಡ. ಹೌದೋ ಅಲ್ವೋ ಬುದ್ಧಿ?"

ಸಿಂಗರಸಯ್ಯ ರುಮಾಲು ಸರಿಮಾಡಿಕೊಂಡ. "ಇದ್ದರೂ ಇರಬಹುದು."

"ಆ ಕೆಂಪು ರುಮಾಲಿನವನು ದನ ಕಾಯೋಕೂ ಲಾಯಕ್ಕಿಲ್ಲ. ಹೌದೋ ಅಲ್ವೋ?"

ಮೀಸೆ ಅದುರಿತು. "ಹೂಂ."

"ಇಬ್ಬರೂ ಆ ಮುದ್ದಯ್ಯನ ಮನೇಲಿ ಗಡದ್ದಾಗಿ ಉಂಡು, ನಾನು ಅಳ್ತಾ ನಿಂತಿದ್ದರೆ ಗೊರಕೆ ಹೊಡೀತಿದ್ದರು!"

"ಏಯ್ ಮುದುಕಿ! ನಾನೆಲ್ಲಿ ಗೊರಕೆ ಹೊಡೆದೆ?"

ಸಭೆಯಲ್ಲಿ ನಗು ಅಂದರೆ ನಗು! ಸಿಂಗರಸಯ್ಯ ಬಾಯಿ ಮುಚ್ಚಿಕೊಂಡ, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ರಾಜ ಮಾತ್ರ ನಗಲಿಲ್ಲ. ಎದ್ದು ಬಂದು ಆ ಜರಿ ರುಮಾಲನ್ನು ತಾನೇ ತೆಗೆದ. "ತಪ್ಪು ನಂದೂ ಇದೆ ತಾಯಿ" ಅಂದ. ಅವತ್ತೇ ಮೂರು ಪೀಠಕ್ಕೆ ಮೂವರನ್ನು ಕೂರಿಸಿದ.

ಅರಮನೆಗೆ ಬಂದ ಹೊಸ ನ್ಯಾಯಾಧಿಕಾರಿ ಎತ್ತನ್ನು ತರಿಸಿ, ಅಂಗಳದಲ್ಲಿ ಹಗ್ಗ ಬಿಚ್ಚಿಸಿದ. ಮುದ್ದಯ್ಯ ಹೋ ಹೋ ಅಂತ ಕರೆದ. ಬೋಳ ತಿರುಗಿಯೂ ನೋಡಲಿಲ್ಲ. ಅಲ್ಲಿ ಗಾಣವಿಲ್ಲ, ಕಣ್ಣಿಯಿಲ್ಲ, ಆದರೂ ದುಂಡಗೆ ಸುತ್ತೋಕೆ ಶುರುಮಾಡಿತು! ಸುತ್ತಿ ಸುತ್ತಿ ಸಾತಮ್ಮನ ಮುಂದೆ ನಿಂತು ಅವಳ ಕೈ ನೆಕ್ಕಿತು.

ಅವಳು ಬೋಳನನ್ನು ಹೊಡೆದುಕೊಂಡು ಬೀದಿಯಲ್ಲಿ ಬರ್ತಿದ್ದರೆ ಊರಿಗೆ ಊರೇ ಹಿಂದೆ ಬಂತು. ಆ ಸಂಜೆ ಗಾಣ ಕಿರ್ರೋ ಅಂತ ತಿರುಗಿತು. ಸಿಂಗರಸಯ್ಯ, ಮುದ್ದಯ್ಯ ಇಬ್ಬರೂ ಅವಳ ಕೊಟ್ಟಿಗೆಯ ಸಗಣಿ ಬಾಚಿದರು, ರಾಜಾಜ್ಞೆ!

ತಿಳೀತಾ? ತನ್ನ ತೀರ್ಪನ್ನು ತಾನೇ ತೂಗೋಕೆ ಕೂತರೆ ನ್ಯಾಯ ಸಿಗೋದಿಲ್ಲ. ಮೇಲಿನ ಪೀಠದಲ್ಲಿ ಬೇರೆ ತಲೆ ಇರಬೇಕು, ಬೇರೆ ರುಮಾಲಲ್ಲ.