ನವಿಲಣ್ಣನ ಅಗ್ಗದ ಗರಿ

ಒಂದು ಕಾಡಿನಲ್ಲಿ ನವಿಲುಗರಿಯೇ ನಾಣ್ಯ. ಗರಿಯೊಂದಕ್ಕೆ ಅಳಿಲು ಬೊಗಸೆ ಕಡಲೆಕಾಯಿ ಕೊಡುತ್ತಿತ್ತು. ಗರಿ ಉದುರುವ ಕಾಲ ಬಂದು ಬಾಲವೆಲ್ಲ ಕಳಚಿದಾಗ ನವಿಲು, "ನಾನೀಗ ಕುಬೇರ!" ಎಂದು ಹಿಗ್ಗಿ, ಕಂಡಕಂಡವರಿಗೆಲ್ಲ ಗರಿ ಎರಚಿತು. ಮರುದಿನ ಹಸಿವಾಯಿತು. ಉಳಿದ ಗರಿಗಳನ್ನು ಹೊತ್ತು ಅಳಿಲಿನ ಬಾಗಿಲಿಗೆ ಬಂತು.

"ಬೇಡ ನವಿಲಣ್ಣ, ಮನೆ ತುಂಬ ಗರಿ. ಮಕ್ಕಳು ಸೀನಿ ಸೀನಿ ಸುಸ್ತಾಗಿವೆ," ಎಂದಿತು ಅಳಿಲು.

"ಅದೇ ಗರಿ, ಅದೇ ಬಣ್ಣ! ಬೆಲೆ ಎಲ್ಲಿಗೆ ಹೋಯಿತು?"

"ಬೆಲೆ ಗರಿಯಲ್ಲಿ ಯಾವಾಗ ಇತ್ತು? ನಮ್ಮ ಆಸೆಯಲ್ಲಿತ್ತು. ಆಸೆ ತೀರಿತು."

"ಹಾಗಾದರೆ ಕುಣಿಯಲೇ?" ಎಂದು ನವಿಲು ಬೋಳು ಬಾಲವನ್ನೇ ಎತ್ತಿ ಕುಣಿಯಿತು. ಅಳಿಲಿನ ಮಕ್ಕಳು ಬಿದ್ದು ಬಿದ್ದು ನಕ್ಕು, ಕಡಲೆಕಾಯಿ ಸುರಿದವು. ಹುರುಪೇರಿದ ನವಿಲು ಗಿರಗಿರನೆ ತಿರುಗತೊಡಗಿತು.

"ಮೆಲ್ಲಗೆ ಕುಣಿಯಣ್ಣಾ," ಎಂದು ಅಳಿಲು ಕೂಗಿತು, "ಇದೂ ಅಗ್ಗವಾದೀತು!"